ಕಾಡು ಕಡೀದೆ ಇದ್ದಿದ್ಕೆ ದೇಶ ದೇಶಕ್ಕೆ ದುಡ್ಡು ಕೊಡ್ತಾರಂತೆ, ಹಂಗಾದ್ರೆ ನಮ್ಮಪ್ಪನ ಹುಣಸೆಮರಕ್ಕೆ ಯಾರು ಕೊಡ್ತಾರೆ?

ಕಬ್ಬಿನ_ಸೋಗೆ (ಪಾಂಡವಪುರ)

ಎಲ್ಲರ್ಗೂ ನಮಸ್ಕಾರ. ಒಸಿ ಉದ್ದ ಆಯ್ತದೆ, ಬೇಜಾರ್ ಮಾಡ್ಕೋಬೇಡಿ.

ಮೊನ್ನೆ ಭಾನುವಾರ ಟೀ ಅಂಗ್ಡಿ ಹತ್ರ ಕೂತಿದ್ವಿ, ಬೆಂಗ್ಳೂರಲ್ಲಿ ಕೆಲ್ಸ ಮಾಡೋ ನಮ್ಮ ಫ್ರೆಂಡು ಬಂದಿದ್ದ, ಅವ್ನು ಮಾತಿಗೆ ಮಾತು ಬಂದು ನಾರ್ವೆ ಅನ್ನೋ ದೇಶ ಬ್ರೆಜಿಲ್‌ಗೆ ಕಾಡು ಕಡೀಬೇಡಿ ಅಂತ ಕೋಟಿ ಕೋಟಿ ಡಾಲರ್ ಕೊಟ್ಟದೆ ಅಂದ. ನಾವ್ಯಾರೂ ನಂಬ್ಲಿಲ್ಲ. ಇನ್ನೊಬ್ಬ ಎದ್ದವ್ನೇ ಅಲ್ಲಾ ಕಣ್ಲಾ, ಹಂಗಾದ್ರೆ ಕಳ್ತನ ಮಾಡ್ದೆ ಮನೇಲಿ ಮಲ್ಗಿರೋನ್ಗೆ ತಿಂಗ್ಳು ತಿಂಗ್ಳು ಸಂಬ್ಳ ಕೊಡ್ಬೇಕಾಯ್ತದಲ್ಲ ಅಂದ. ಎಲ್ರೂ ನಕ್ಕಿ ಸುಮ್ನಾದ್ರು. ನನ್ಗೆ ಮಾತ್ರ ಅದು ತಲೇಲೇ ಉಳ್ಕೊಂಡ್ತು, ಯಾಕೇಂದ್ರೆ ಹೋದ ತಿಂಗ್ಳು ನಮ್ಮೂರಿಗೂ ಒಬ್ಬ ಬಂದಿದ್ದ.

ಟ್ಯಾಬ್ ಹಿಡ್ಕೊಂಡು ಬಂದ, ಹೆಬ್ಬೇವು ಮಹಾಗನಿ ಹಾಕಿ, ಕಾರ್ಬನ್ ದುಡ್ಡು ಬತ್ತದೆ ಅಂದ, ಪಾಣಿ ಝೆರಾಕ್ಸ್ ಇಸ್ಕೊಂಡ. ನಮ್ಮಪ್ಪ ಖುಷಿಯಾಗಿ ಬದುವಿನ ಮೇಲಿರೋ ಎರಡು ಹುಣಸೆಮರ, ನಾಲ್ಕು ಹೊಂಗೆ ತೋರಿಸ್ದ. ನಮ್ಮ ತಾತನ ಕಾಲದ ಹುಣಸೆ, ಇಬ್ರು ತಬ್ಬುದ್ರೂ ಸಿಗಕಿಲ್ಲ. ಇಟ್ಟಿಗೆ ಗೂಡಿನೋರು ಎಷ್ಟ್ ಸಲ ಬಂದು ರೇಟ್ ಕೇಳುದ್ರೂ ಕೊಟ್ಟಿಲ್ಲ. ಆ ಹುಡ್ಗ ನೋಡ್ಬುಟ್ಟು ಹಳೇ ಮರ ಲೆಕ್ಕಕ್ಕಿಲ್ಲ ಸಾರ್, ಹೊಸದಾಗಿ ಹಾಕಿದ್ರೆ ಮಾತ್ರ ಅಂದ. ಪಕ್ಕದ್ ಜಮೀನೋನು ಐದು ವರ್ಷದ ಹಿಂದೆ ಇದ್ದಬದ್ದ ಮರ ಎಲ್ಲಾ ಹೊಡ್ಸಿ ಕಬ್ಬು ಹಾಕ್ದ, ಅವ್ನಿಗೆ ಈಗ ಸಸಿ ನೆಟ್ರೆ ದುಡ್ಡು ಬತ್ತದಂತೆ. ನಮ್ಮಪ್ಪ ಎರಡು ದಿನ ಯಾರ್ ಜೊತೆಗೂ ಸರ್ಯಾಗಿ ಮಾತಾಡ್ಲಿಲ್ಲ.

ಈಗ ನನ್ನ ಪ್ರಶ್ನೆ. ದೇಶಗಳಿಗೆ ಕೊಡೋ ದುಡ್ಡು ನಿಜಾನಾ, ಯಾವ್ ಲೆಕ್ಕದಲ್ಲಿ ಕೊಡ್ತಾರೆ? ಇದೂ ಆ ಟ್ಯಾಬ್ ಹುಡ್ಗ ಹೇಳಿದ್ದೂ ಒಂದೇನಾ? ಗೊತ್ತಿರೋರು ಒಸಿ ಬುಡ್ಸಿ ಹೇಳಿ.

ಗಂಗೋತ್ರಿ_ಕ್ಯಾಂಟೀನ್ (ಮೈಸೂರು)

ನಿಮ್ಮ ಫ್ರೆಂಡ್ ಹೇಳಿದ್ದು ನಿಜ. ಇದಕ್ಕೆ ರೆಡ್ ಪ್ಲಸ್ ಅಂತ ಹೆಸರು, ನಾನು ಎಂಎಸ್ಸಿ ಮಾಡ್ವಾಗ ಒಂದು ಪೇಪರ್ ಪೂರ್ತಿ ಇದರ ಮೇಲೇ ಇತ್ತು, ಆಗ ಬೈಕೊಂಡು ಓದಿದ್ದು ಈಗ ಉಪಯೋಗಕ್ಕೆ ಬಂತು ನೋಡಿ.

ಮರ ಅಂದ್ರೆ ಅರ್ಧದಷ್ಟು ಇಂಗಾಲನೇ (ಒಣಗಿದ ಮೇಲಿನ ತೂಕದಲ್ಲಿ). ಕಡಿದು ಸುಟ್ರೆ ಅದೆಲ್ಲ ಗಾಳಿಗೆ ಹೋಗುತ್ತೆ. ಪ್ರಪಂಚದಲ್ಲಿ ಮನುಷ್ಯರು ಬಿಡೋ ಕಾರ್ಬನ್ ಡೈಆಕ್ಸೈಡಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಕಾಡು ನಾಶದಿಂದಾನೇ, ಅದರಲ್ಲೂ ಬ್ರೆಜಿಲ್, ಇಂಡೋನೇಷ್ಯಾ, ಕಾಂಗೋ ಥರದ ಉಷ್ಣವಲಯದ ದೇಶಗಳಿಂದ. 2005ರಲ್ಲಿ ವಿಶ್ವಸಂಸ್ಥೆಯ ಮಾಂಟ್ರಿಯಲ್ ಹವಾಮಾನ ಸಮಾವೇಶದಲ್ಲಿ ಪಪುವಾ ನ್ಯೂಗಿನಿ, ಕೋಸ್ಟರಿಕಾ ಸೇರಿ ನಾವು ಕಾಡು ಉಳಿಸ್ತೀವಿ, ಅದರ ಲಾಭ ನಿಮಗೆಲ್ಲ ಆಗುತ್ತೆ, ಹಾಗಾಗಿ ಖರ್ಚಲ್ಲಿ ಪಾಲು ಕೊಡಿ ಅಂತ ಕೇಳಿದ್ವು. 2007ರಲ್ಲಿ ಬಾಲಿಯಲ್ಲಿ ಒಪ್ಕೊಂಡ್ರು, 2013ರಲ್ಲಿ ವಾರ್ಸಾದಲ್ಲಿ ರೂಲ್ಸ್ ಆಯ್ತು, ಆಮೇಲೆ ಪ್ಯಾರಿಸ್ ಒಪ್ಪಂದದ ಐದನೇ ಕಲಂನಲ್ಲೂ ಸೇರ್ತು.

ಕಳ್ತನದ ಜೋಕ್ ಚೆನ್ನಾಗಿದೆ, ಆದ್ರೆ ಹೋಲಿಕೆ ತಪ್ಪು. ನಿಮ್ಮ ಕಡೆನೇ ಬರಗಾಲ ಬಂದಾಗ ಕಟ್ಟೇಲಿ ನೀರಿಲ್ಲ ಭತ್ತ ನಾಟಿ ಮಾಡ್ಬೇಡಿ ಅಂತಾರಲ್ಲ, ಆಗ ನೀವು ಎಕರೆಗೆ ಇಷ್ಟು ಪರಿಹಾರ ಕೊಡಿ ಅಂತ ಕೇಳಲ್ವಾ? ಗದ್ದೆ ನಿಮ್ಮದು, ಬೆಳೆಯೋ ಹಕ್ಕು ನಿಮ್ಮದು, ಬೇರೆಯೋರಿಗೋಸ್ಕರ ಬಿಟ್ಕೊಡ್ತಿದೀರಿ. ಅಲ್ಲೂ ಹಾಗೇ, ಆ ಕಾಡು ಇರೋ ಜಾಗದಲ್ಲಿ ಸೋಯಾ ಬೆಳೀಬಹುದು, ದನ ಸಾಕ್ಬಹುದು, ಚಿನ್ನ ತೆಗೀಬಹುದು. ಅದನ್ನೆಲ್ಲ ಮಾಡಿ ಮುಗಿಸಿ ಶ್ರೀಮಂತರಾದ ದೇಶಗಳು ಈಗ ನೀವ್ ಮಾತ್ರ ಮಾಡ್ಬೇಡಿ ಅಂದ್ರೆ ಯಾರ್ ಕೇಳ್ತಾರೆ?

ಬ್ರೆಜಿಲ್ ಲೆಕ್ಕ ಹೇಳ್ತೀನಿ. 2004ರಲ್ಲಿ ಒಂದೇ ವರ್ಷ ಅಮೆಜಾನಲ್ಲಿ ಸುಮಾರು 27,700 ಚದರ ಕಿಲೋಮೀಟರ್ ಕಾಡು ಹೋಯ್ತು. ನಿಮ್ಮ ಮಂಡ್ಯ ಜಿಲ್ಲೆ ಇರೋದೇ 5,000 ಚದರ ಕಿಮೀ ಹತ್ರ, ಅಂದ್ರೆ ಐದೂವರೆ ಮಂಡ್ಯ. 2012ಕ್ಕೆ ಅದು ಸುಮಾರು 4,600ಕ್ಕೆ ಇಳೀತು. 2008ರಲ್ಲಿ ಅಮೆಜಾನ್ ನಿಧಿ ಅಂತ ಮಾಡಿ ನಾರ್ವೆ ನೂರು ಕೋಟಿ ಡಾಲರ್‌ವರೆಗೂ ಕೊಡ್ತೀನಿ ಅಂತು. 1996ರಿಂದ 2005ರವರೆಗೆ ಸರಾಸರಿ ವರ್ಷಕ್ಕೆ 19,500 ಚದರ ಕಿಮೀ ಹೋಗ್ತಿತ್ತು, ಅದಕ್ಕಿಂತ ಎಷ್ಟು ಕಮ್ಮಿ ಕಡಿದ್ರೋ ಅಷ್ಟೂ ಉಳಿಸಿದ ಲೆಕ್ಕ. ಹೆಕ್ಟೇರಿಗೆ 100 ಟನ್ ಇಂಗಾಲ ಅಂತ ಹಿಡಿದು, ಅದನ್ನ ಡೈಆಕ್ಸೈಡಿಗೆ ತಿರುಗಿಸಿದ್ರೆ 367 ಟನ್, ಟನ್ನಿಗೆ 5 ಡಾಲರ್. ನೀವೇ ಗುಣಿಸಿ, ಹೆಕ್ಟೇರಿಗೆ 1,800 ಡಾಲರ್ ಚಿಲ್ಲರೆ ಬರುತ್ತೆ, ಒಂದೇ ಸಲ. ಹಳೇ ಸರಾಸರೀನೇ ಹಿಡ್ಕೊಂಡು ಕೂರೋ ಹಂಗಿಲ್ಲ, ಐದು ವರ್ಷಕ್ಕೊಂದ್ಸಲ ಅದನ್ನೂ ಹೊಸದು ಮಾಡ್ತಾರೆ.

ತೂಕದ_ಚೀಟಿ (ಮಂಡ್ಯ)

ನಾರ್ವೆಯೋರು ದುಡ್ಡು ಎಲ್ಲಿಂದ ತಂದ್ರು ಅಂತಾನೂ ಹೇಳಿ ಮೇಡಂ. ಸಮುದ್ರದಿಂದ ಎಣ್ಣೆ ಗ್ಯಾಸು ತೆಗ್ದು ಮಾರಿದ ದುಡ್ಡು. ಈ ಕಡೆ ಹೊಗೆ ಬಿಡೋದು, ಆ ಕಡೆ ಮರಕ್ಕೆ ಪೂಜೆ ಮಾಡ್ಸೋದು 😀

ಗಂಗೋತ್ರಿ_ಕ್ಯಾಂಟೀನ್

ಹೌದು, ಅದು ಸುಳ್ಳಲ್ಲ. ಆದ್ರೂ ಎಣ್ಣೆ ಮಾರಿ ಏನೂ ಕೊಡದೇ ಇರೋ ದೇಶಗಳು ಎಷ್ಟೋ ಇದಾವೆ, ಅವರಿಗಿಂತ ಇವರು ವಾಸಿ ಅನ್ನೋದು ನನ್ನ ಅಭಿಪ್ರಾಯ.

ಕಬಿನಿ_ಹಿನ್ನೀರು (ಎಚ್.ಡಿ. ಕೋಟೆ)

ಮೇಡಂ ಹೇಳಿದ್ರಲ್ಲಿ ಒಂದು ಮುಖ್ಯವಾದ್ದು ಬಿಟ್ಟೋಗಿದೆ. 2004ರಿಂದ 2008ಕ್ಕೇ ಅಮೆಜಾನಲ್ಲಿ ಕಡಿಯೋದು ಅರ್ಧಕ್ಕಿಂತ ಕಮ್ಮಿ ಆಗಿತ್ತು, ನಾರ್ವೆ ದುಡ್ಡು ಇನ್ನೂ ಬಂದೇ ಇರ್ಲಿಲ್ಲ. ಇಳಿಸಿದ್ದು ಏನು ಅಂದ್ರೆ ಸ್ಯಾಟಲೈಟಲ್ಲಿ ದಿನಾ ನೋಡಿ ಕಡಿಯೋ ಜಾಗಕ್ಕೆ ಅಧಿಕಾರಿಗಳನ್ನ ಕಳಿಸಿದ್ದು, ಜಾಸ್ತಿ ಕಡಿಯೋ ತಾಲೂಕುಗಳಿಗೆ ಬ್ಯಾಂಕ್ ಸಾಲ ಬಿಗಿ ಮಾಡಿದ್ದು, 2006ರಲ್ಲಿ ಹೊಸದಾಗಿ ಕಾಡು ಕಡಿದ ಜಾಗದ ಸೋಯಾ ಕೊಳ್ಳಲ್ಲ ಅಂತ ವ್ಯಾಪಾರಿಗಳು ಒಪ್ಪಿದ್ದು. ಮರೀನಾ ಸಿಲ್ವಾ ಅಂತ ಒಬ್ರು ಪರಿಸರ ಮಂತ್ರಿ ಇದ್ರು ಆಗ, ರಬ್ಬರ್ ಹಾಲು ಇಳಿಸೋ ಮನೇಲಿ ಹುಟ್ಟಿದೋರು, ಆಯಮ್ಮನ ಗಟ್ಟಿತನ ಅದು. ದುಡ್ಡು ಬಹುಮಾನದ ಥರ ಹಿಂದೆ ಬಂತು. ಅದೇ ದೇಶದಲ್ಲಿ ಬೋಲ್ಸೊನಾರೊ ಅಧ್ಯಕ್ಷರಾಗಿ ಬಂದು 2019ರಲ್ಲಿ ನಿಧಿಯ ಸಮಿತಿಗಳನ್ನೇ ಬರ್ಖಾಸ್ತ್ ಮಾಡಿದ್ರು, ನಾರ್ವೆ ಜರ್ಮನಿ ಎರಡೂ ನಿಲ್ಲಿಸಿದ್ವು, ಕಡಿಯೋದು 2021ಕ್ಕೆ 13,000 ಚದರ ಕಿಮೀ ಮುಟ್ತು. 2023ರಲ್ಲಿ ಲೂಲಾ ಮತ್ತೆ ಅಧ್ಯಕ್ಷರಾಗಿ ಬಂದ ಮೇಲೆ ನಿಧಿ ಮತ್ತೆ ಶುರು, ಕಡಿಯೋದೂ ಮತ್ತೆ ಇಳೀತು. ಸರ್ಕಾರಕ್ಕೆ ಮನಸ್ಸಿದ್ರೆ ದುಡ್ಡು ನೆರವಾಗುತ್ತೆ, ಮನಸ್ಸಿಲ್ದಿದ್ರೆ ಎಷ್ಟು ಡಾಲರ್ ತೋರಿಸಿದ್ರೂ ಅಷ್ಟೇ.

ಇನ್ನೊಂದು ಮಾತು, ಇದು ನನ್ನ ಹೊಟ್ಟೆ ಉರಿ ಅಂತಾನೇ ಅಂದ್ಕೊಳ್ಳಿ. ದುಡ್ಡು ದೇಶಕ್ಕೆ ಬರುತ್ತೆ, ಕಾಡಲ್ಲಿ ಇರೋರಿಗೆ ಏನ್ ಬರುತ್ತೆ? ನಾನು ಕಾಡಿನೋರ ಹಾಡಿಗಳಲ್ಲಿ ಹತ್ತು ವರ್ಷ ಓಡಾಡಿದೀನಿ. ನಾಗರಹೊಳೆಯಿಂದ ಜೇನು ಕುರುಬರನ್ನ ಹುಲಿ ಹೆಸರಲ್ಲಿ ಹೊರಗೆ ತಂದು ಕೂರಿಸಿದ್ರು, ಎಷ್ಟೋ ಜನ ಈಗ ಕೊಡಗಿನ ಕಾಫಿ ತೋಟದ ಲೈನ್ ಮನೇಲಿ ಕೂಲಿ. ಕಾಡು ಕಾದಿದ್ಯಾರು ಅಂತ ಕೇಳಿದ್ರೆ ಇಲಾಖೆ ನಾವು ಅನ್ನುತ್ತೆ. ಹಾಡಿಯ ಒಬ್ಬ ಅಜ್ಜ ನನ್ನ ಹತ್ರ, ನಾವಿದ್ದಾಗ ಬೆಂಕಿ ಬಿದ್ರೆ ನಾವೇ ಸೊಪ್ಪು ಹಿಡ್ಕೊಂಡು ಓಡ್ತಿದ್ವಿ ಬುದ್ಧಿ, ಈಗ ರೋಡಲ್ಲಿ ನಿಂತು ನೋಡ್ತೀವಿ ಅಂದ್ರು. 2019ರ ಫೆಬ್ರವರಿಲಿ ಬಂಡೀಪುರ ಹತ್ತಿಕೊಂಡಾಗ ಆ ಮಾತು ನೆನಪಾಯ್ತು.

ಬಿಳಿಗಿರಿರಂಗನ ಬೆಟ್ಟದಲ್ಲಿ ಮಾತ್ರ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಸಮುದಾಯ ಹಕ್ಕುಪತ್ರ ಸಿಕ್ತು, ಹುಲಿ ರಕ್ಷಿತಾರಣ್ಯದೊಳಗೆ ಅದೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ತೆಗೆಯೋ ಹಕ್ಕು ಅವರದು ಅಂತ ಬರವಣಿಗೆಲಿ ಇದೆ. ನಾಳೆ ಕಾರ್ಬನ್ ದುಡ್ಡು ಅಂತ ಏನಾದ್ರೂ ಬಂದ್ರೆ ಪಾಲು ಕೊಡಿ ಅಂತ ಕೇಳೋಕೆ ಅವರ ಕೈಲಿ ಒಂದು ಕಾಗದ ಇದೆ. ನಾಗರಹೊಳೆಯೋರ ಕೈಲಿ ಏನಿದೆ? 2010ರಲ್ಲಿ ಕಾನ್‌ಕೂನ್ ಸಭೇಲಿ ಮೂಲನಿವಾಸಿಗಳ ಹಕ್ಕು ಕಾಯ್ಬೇಕು ಅಂತ ರೆಡ್ ಪ್ಲಸ್‌ಗೆ ಷರತ್ತು ಬರೆದ್ರು, ಸರಿ. ಷರತ್ತು ಕಾಗದದ ಮೇಲೆ ನಮ್ಮಲ್ಲೂ ಬೇಕಾದಷ್ಟಿದೆ.

ಕಬ್ಬಿನ_ಸೋಗೆ

ಅಣ್ಣ, ಮೇಡಂ, ಇಬ್ರಿಗೂ ಥ್ಯಾಂಕ್ಸ್. ಒಂದು ಅರ್ಥ ಆಗ್ಲಿಲ್ಲ. ಮೊದಲು ಎಷ್ಟು ಕಡೀತಿದ್ದ ಅನ್ನೋದ್ರಿಂದ ಕಳೆದು ಲೆಕ್ಕ ಹಾಕೋದಾದ್ರೆ, ಮೊದ್ಲಿಂದ್ಲೂ ಕಡೀದೆ ಇದ್ದೋನ್ಗೆ ಸೊನ್ನೆ ಅಲ್ವಾ? ಇದು ನಮ್ಮಪ್ಪನ ಕೇಸೇ ಆಯ್ತಲ್ಲ!

ತೂಕದ_ಚೀಟಿ

ಅದೇ ಗುರು ಇದರ ಗಂಟು! ನಾನು ತಮಾಷೆ ಮಾಡಿದ್ರೂ ಈ ವಿಷಯ ಒಸಿ ಓದಿದೀನಿ, ನಮ್ಮ ಹುಡ್ಗ ಕಾಲೇಜಲ್ಲಿ ಡಿಬೇಟಿಗೆ ತಯಾರಿ ಮಾಡ್ವಾಗ ನಾನೂ ಜೊತೇಲಿ ಕೂತಿದ್ದೆ, ಅವ್ನಿಗೆ ಪ್ರೈಜ್ ಬರ್ಲಿಲ್ಲ ಅದು ಬೇರೆ ಮಾತು.

ಗಯಾನ ಅಂತ ಒಂದು ದೇಶ ಅದೆ, ನೂರಕ್ಕೆ ಎಂಬತ್ತೈದು ಭಾಗ ಕಾಡೇ. ಅವ್ರು ಹೆಚ್ಚೂಕಮ್ಮಿ ಕಡೀತಾನೇ ಇರ್ಲಿಲ್ಲ. 2009ರಲ್ಲಿ ನಾರ್ವೆ 25 ಕೋಟಿ ಡಾಲರ್‌ವರೆಗೂ ಕೊಡ್ತೀನಿ ಅಂತು, ಆದ್ರೆ ಅವ್ರ ಹಳೇ ಲೆಕ್ಕ ಹಿಡಿದ್ರೆ ಕಳೆಯೋಕೆ ಏನೂ ಇಲ್ಲ, ಸೊನ್ನೆಯಿಂದ ಏನ್ ಕಳೀತೀಯ? ಅದಕ್ಕೆ ಏನ್ ಮಾಡಿದ್ರು ಅಂದ್ರೆ ಅವ್ರ ಸ್ವಂತ ಲೆಕ್ಕನೂ ಬೇರೆ ಬಡ ದೇಶಗಳ ಸರಾಸರಿನೂ ಕೂಡಿ ಮಧ್ಯದಲ್ಲಿ ಒಂದು ಗೆರೆ ಎಳೆದ್ರು. ಆಮೇಲೆ ಚಿನ್ನದ ಗಣಿಯಿಂದ ಕಡಿಯೋದು ಮೊದ್ಲಿಗಿಂತ ಜಾಸ್ತಿನೇ ಆಯ್ತು, ಆದ್ರೂ ಆ ಗೆರೆಗಿಂತ ಕೆಳಗಿತ್ತಲ್ಲ, ದುಡ್ಡು ಬಂತು. ಸರೀನೋ ತಪ್ಪೋ ನೀವೇ ಹೇಳಿ. ನನ್ನ ಕೇಳಿದ್ರೆ ಸರಿ, ಇಲ್ದಿದ್ರೆ ಒಳ್ಳೆಯೋನಾಗಿದ್ದೇ ತಪ್ಪು ಅಂತಾಯ್ತದೆ. 2022ರಲ್ಲಿ ಅದೇ ಗಯಾನ ಹೆಸ್ ಅನ್ನೋ ಅಮೆರಿಕದ ಎಣ್ಣೆ ಕಂಪನಿಗೆ ಕಾಡಿನ ಕಾರ್ಬನ್ ಕ್ರೆಡಿಟ್ (ಇಷ್ಟು ಟನ್ ಉಳಿಸಿದೀವಿ ಅನ್ನೋ ಚೀಟಿ) ಮಾರ್ತು, ಹತ್ತು ವರ್ಷಕ್ಕೆ ಕನಿಷ್ಠ 75 ಕೋಟಿ ಡಾಲರ್, ಅದ್ರಲ್ಲಿ ನೂರಕ್ಕೆ ಹದಿನೈದು ಅಲ್ಲಿನ ಮೂಲನಿವಾಸಿ ಊರುಗಳಿಗೆ ಅಂತ. ಹೆಸ್ ಏನ್ ಮಾಡ್ತಾ ಇತ್ತು ಅಲ್ಲಿ? ಗಯಾನದ ಸಮುದ್ರದಲ್ಲೇ ಎಣ್ಣೆ ತೆಗೆಯೋದ್ರಲ್ಲಿ ಪಾಲುದಾರ. ಎಣ್ಣೆ ಅವ್ರದೇ ಮರ ಅವ್ರದೇ ಎಲ್ಲಾ ಒಳೊಳ್ಗೇ.

ಈ ಗೆರೆ ಎಳೆಯೋದು ಕಬ್ಬಿನ ತೂಕ ಇದ್ದಂಗೆ ಕಣಪ್ಪ. ವೇಬ್ರಿಡ್ಜ್ ಯಾರ ಕೈಲಿದೆಯೋ ಟನ್ನು ಅವ್ರದು. ದೇಶ ಪೂರ್ತಿ ಅಳೆದ್ರೆ ಸ್ವಲ್ಪ ವಾಸಿ, ಸ್ಯಾಟಲೈಟ್ ಸುಳ್ಳು ಹೇಳಕಿಲ್ಲ. ಒಂದೊಂದು ಕಂಪನಿ ಒಂದೊಂದು ಕಾಡಿನ ತುಂಡು ಹಿಡ್ಕೊಂಡು ನಾವಿಲ್ದಿದ್ರೆ ಇದೆಲ್ಲ ಬೋಳಾಗಿರೋದು ಅಂತ ಹೇಳಿ ಕ್ರೆಡಿಟ್ ಮಾರೋದು ಬತ್ತದಲ್ಲ, ಅಲ್ಲೇ ತೂಕ ಜಾಸ್ತಿ ತೋರ್ಸೋದು. ಮೂರು ಖಂಡದ 26 ಪ್ರಾಜೆಕ್ಟ್ ನೋಡಿ 2023ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು, ಬಹಳಷ್ಟರಲ್ಲಿ ಕಡಿಯೋದು ಕಮ್ಮಿನೇ ಆಗಿಲ್ಲ, ಕಮ್ಮಿ ಆಗಿದ್ರಲ್ಲೂ ಅವ್ರು ಹೇಳಿದಷ್ಟಿಲ್ಲ. ಮತ್ತೆ ಇನ್ನೊಂದು, ನಮ್ಮ ಹೊಳೇಲಿ ಈ ದಡದಲ್ಲಿ ಮರಳು ತೆಗೆಯೋದು ನಿಲ್ಲಿಸಿದ್ರೆ ರಾತ್ರೋರಾತ್ರಿ ಆ ದಡದಲ್ಲಿ ಟ್ರ್ಯಾಕ್ಟರ್ ನಿಂತಿರ್ತದಲ್ಲ, ಕಾಡೂ ಅಷ್ಟೇ, ಇಲ್ಲಿ ಕಾದ್ರೆ ಗರಗಸ ಪಕ್ಕಕ್ಕೆ ಓಯ್ತದೆ.

ಕಾಫಿ_ಘಮ (ಮೈಸೂರು)

ನಾನು ಮೂಲತಃ ಕೊಡಗಿನವನು, ವಿಜಯನಗರದಲ್ಲಿ ಮನೆ. ಓದ್ತಾ ಓದ್ತಾ ಒಂದು ಹೇಳ್ಬೇಕು ಅನ್ನಿಸ್ತು. ಮಂಡ್ಯದೋರು ನಾರ್ವೆ ಬ್ರೆಜಿಲ್ ಅಂತೀರಲ್ಲ, ನಿಮ್ಮ ನಾಲೆಗೆ ಬರೋ ನೀರು ಎಲ್ಲಿ ಹುಟ್ಟೋದು? ಕೊಡಗಲ್ಲಿ ಸಾವಿರಕ್ಕೂ ಮೇಲೆ ದೇವರಕಾಡು ಇದೆ, ತೋಟದ ನೆರಳಲ್ಲಿ ಹಲಸು ನೇರಳೆ ಬೀಟೆ ನಿಂತಿದೆ. ಅದಿದ್ರೆ ಮಳೆ ನೀರು ಇಂಗಿ ನಿಧಾನಕ್ಕೆ ಹೊಳೆಗೆ ಬರುತ್ತೆ, ಬೇಸಿಗೇಲೂ ಒರತೆ ಇರುತ್ತೆ. ಅದಕ್ಕೆ ಕನ್ನಂಬಾಡಿ ಕೆಳಗಿರೋರು, ಮೈಸೂರು ಬೆಂಗಳೂರಲ್ಲಿ ನಲ್ಲಿ ತಿರುಗಿಸೋರು ಒಂದು ರೂಪಾಯಿ ಕೊಟ್ಟಿದೀರಾ? ನಾನೂ ಈಗ ಕೆಳಗಿರೋನೇ, ನನ್ನನ್ನೂ ಸೇರಿಸಿಕೊಂಡೇ ಬೈತಿದೀನಿ.

ಕೋಸ್ಟರಿಕಾದಲ್ಲಿ ಇದನ್ನೇ ಮಾಡಿದ್ರು. 1996ರಲ್ಲಿ ಕಾನೂನು ಮಾಡಿ ಪೆಟ್ರೋಲ್ ಡೀಸೆಲ್ ತೆರಿಗೇಲಿ ಒಂದು ಪಾಲು ತೆಗೆದಿಟ್ಟು, 1997ರಿಂದ ಕಾಡು ಉಳಿಸ್ಕೊಂಡ ಜಮೀನುದಾರರಿಗೆ ನೇರ ಕೊಡ್ತಿದಾರೆ, ಹೊರಗಿನೋರು ಯಾವಾಗ ಕೊಡ್ತಾರೆ ಅಂತ ಕಾಯ್ಲಿಲ್ಲ. ಎಂಬತ್ತರ ದಶಕದಲ್ಲಿ ಕಾಲು ಭಾಗದ ಹತ್ರ ಇಳಿದಿದ್ದ ಕಾಡು ಈಗ ಅರ್ಧಕ್ಕಿಂತ ಜಾಸ್ತಿ. ದುಡ್ಡೊಂದರಿಂದಲೇ ಆಯ್ತು ಅಂತಲ್ಲ, ದನದ ಮಾಂಸದ ರೇಟು ಬಿತ್ತು, ಕಡಿಯೋದನ್ನ ಕಾನೂನಲ್ಲಿ ನಿಲ್ಲಿಸಿದ್ರು, ಪ್ರವಾಸಿಗರು ಬಂದ್ರು.

ಕಾಯೋದು ಕಷ್ಟ ಅನ್ನೋದಕ್ಕೆ ಎಕ್ವಡಾರ್ ನೋಡಿ. 2007ರಲ್ಲಿ ಯಸುನಿ ಕಾಡಿನ ಕೆಳಗಿರೋ ಎಣ್ಣೆ ತೆಗೆಯಲ್ಲ, ಅದರ ಬೆಲೇಲಿ ಅರ್ಧ, ಅಂದ್ರೆ 360 ಕೋಟಿ ಡಾಲರ್ ಪ್ರಪಂಚ ಕೊಡ್ಲಿ ಅಂದ್ರು. 2013ರವರೆಗೆ ಕೈಗೆ ಬಂದಿದ್ದು ಸುಮಾರು 1.3 ಕೋಟಿ ಡಾಲರ್. ಅಧ್ಯಕ್ಷರು ಬೇಸತ್ತು ಎಣ್ಣೆ ತೆಗೀರಿ ಅಂತ ಬಿಟ್ರು. ಹತ್ತು ವರ್ಷ ಆದ್ಮೇಲೆ 2023ರಲ್ಲಿ ಜನಮತ ಇಟ್ಟಾಗ ನೂರಕ್ಕೆ 59 ಜನ ನಿಲ್ಲಿಸಿ ಅಂತ ಓಟ್ ಹಾಕಿದ್ರು, ಯಾರಿಂದಲೂ ದುಡ್ಡು ಕೇಳದೆ. ಇಂಡೋನೇಷ್ಯಾ ಕಥೆ ಇನ್ನೊಂದು ಥರ, 2010ರಲ್ಲಿ ನಾರ್ವೆ ಜೊತೆ ನೂರು ಕೋಟಿ ಡಾಲರ್ ಒಪ್ಪಂದ ಆಗಿ, ಮೊದಲ ಕಂತು 5.6 ಕೋಟಿ ಬರ್ಲೇ ಇಲ್ಲ ಅಂತ 2021ರಲ್ಲಿ ಅವ್ರೇ ಹರಿದುಹಾಕಿದ್ರು. ಮುಂದಿನ ವರ್ಷ ಹೊಸ ಒಪ್ಪಂದ ಮಾಡ್ಕೊಂಡ್ರು ಬಿಡಿ.

ಗಂಗೋತ್ರಿ_ಕ್ಯಾಂಟೀನ್

ನಮ್ಮ ದೇಶದ್ದೂ ಒಂದು ಹೇಳಿಬಿಡ್ತೀನಿ. ಬಾಲಿಯಲ್ಲಿ ಭಾರತ ಹಿಡಿದ ವಾದನೇ ಸೋಗೆಯವರ ವಾದ, ಕಡಿಯೋದು ನಿಲ್ಲಿಸಿದೋರಿಗೆ ಮಾತ್ರ ಅಲ್ಲ, ಮೊದಲಿಂದ ಉಳಿಸಿ ಬೆಳೆಸಿದೋರಿಗೂ ಕೊಡ್ಬೇಕು ಅಂತ. ರೆಡ್ ಮುಂದೆ ಪ್ಲಸ್ ಸೇರಿದ್ದು ಅದಕ್ಕೇ. ಹೊರಗಿನ ದುಡ್ಡು ನಮಗೆ ದೊಡ್ಡದಾಗೇನೂ ಬಂದಿಲ್ಲ, ಮೇಘಾಲಯದ ಖಾಸಿ ಬೆಟ್ಟದಲ್ಲಿ ಊರಿನೋರೇ ಸೇರಿ ನಡೆಸೋ ಒಂದು ಸಣ್ಣ ಯೋಜನೆ ಇದೆ, ಅಷ್ಟೇ. ಆದ್ರೆ ದೇಶದೊಳಗೆ ಒಂದು ವ್ಯವಸ್ಥೆ ಸದ್ದಿಲ್ಲದೆ ನಡೀತಿದೆ. 14ನೇ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಹಂಚುವಾಗ ಕಾಡಿಗೆ 7.5 ಪರ್ಸೆಂಟ್ ತೂಕ ಕೊಟ್ಟಿತು, 15ನೇದು 10 ಮಾಡಿತು. ಕಾಡು ಇಟ್ಕೊಂಡಿರೋ ರಾಜ್ಯಕ್ಕೆ ಅದರಿಂದ ಬರೋ ದುಡ್ಡು ಸಣ್ಣದಲ್ಲ. (ಬೇರೆ ಲೆಕ್ಕಗಳಿಂದ ನಮ್ಮ ರಾಜ್ಯದ ಒಟ್ಟು ಪಾಲು 4.71ರಿಂದ 3.65ಕ್ಕೆ ಬಿತ್ತು, ಅದರ ಬಗ್ಗೆ ಈಗ ಶುರು ಮಾಡಿದ್ರೆ ಜಗಳ ಆಗುತ್ತೆ.) ಆದ್ರೆ ಆ ದುಡ್ಡು ಖಜಾನೆಗೆ ಹೋಗಿ ಎಲ್ಲದರ ಜೊತೆ ಬೆರೆತು ಹೋಗುತ್ತೆ, ಹಾಡಿಗೂ ಬರಲ್ಲ ಕೊಡಗಿಗೂ ಬರಲ್ಲ.

ಇನ್ನು ಆ ಟ್ಯಾಬ್ ಹುಡುಗನ ವಿಷಯ. ಅದು ರೆಡ್ ಪ್ಲಸ್ ಅಲ್ಲ, ಸಸಿ ನೆಟ್ಟು ಕ್ರೆಡಿಟ್ ಮಾಡಿ ಕಂಪನಿಗಳಿಗೆ ಮಾರೋ ಖಾಸಗಿ ವ್ಯಾಪಾರ. ಹೊಸದಾಗಿ ಸೇರಿದ ಇಂಗಾಲ ಮಾತ್ರ ಲೆಕ್ಕ, ಹುಣಸೆಮರ ಅದಕ್ಕೇ ಹೊರಗೆ. ಎಲ್ಲಾ ಮೋಸ ಅಂತ ನಾನು ಹೇಳಲ್ಲ. ಸೈನ್ ಹಾಕೋ ಮುಂಚೆ ಎಷ್ಟು ವರ್ಷದ ಅಗ್ರಿಮೆಂಟು, ಕ್ರೆಡಿಟ್ ಯಾರ ಹೆಸರಲ್ಲಿರುತ್ತೆ, ಮಧ್ಯದಲ್ಲಿ ಮರ ಕಡಿದ್ರೆ ಅಥವಾ ಒಣಗಿದ್ರೆ ಏನು ದಂಡ, ಮಾರಿದ ದುಡ್ಡಲ್ಲಿ ನಿಮಗೆ ಎಷ್ಟು ಪಾಲು, ಇಷ್ಟನ್ನೂ ಕನ್ನಡದಲ್ಲಿ ಬರೆದು ಕೊಡು ಅನ್ನಿ. ಬರ್ದುಕೊಡಲ್ಲ ಅಂದ್ರೆ ಉತ್ತರ ಸಿಕ್ಕಿದ ಹಾಗೇ.

ಕಾಫಿ_ಘಮ

ಇನ್ನೊಂದು ಮರೆತಿದ್ದೆ. ನಿಮ್ಮಪ್ಪನ ಪ್ರಶ್ನೆಗೆ ಹತ್ರ ಇರೋದು ಒಂದಿದೆ. 2025ರ ನವೆಂಬರಲ್ಲಿ ಬ್ರೆಜಿಲ್‌ನ ಬೆಲೆಮ್ ಸಮಾವೇಶದಲ್ಲಿ ಉಷ್ಣವಲಯದ ಕಾಡಿಗೆ ಅಂತ ಒಂದು ದೊಡ್ಡ ನಿಧಿ ಶುರು ಮಾಡಿದ್ರು. ಅದು ಕಡಿಮೆ ಕಡಿದಿದ್ದಕ್ಕಲ್ಲ, ನಿಂತಿರೋ ಕಾಡಿಗೇ ವರ್ಷ ವರ್ಷ ಕೊಡೋದು, ಹೆಕ್ಟೇರಿಗೆ 4 ಡಾಲರ್ ಅಂತ ಲೆಕ್ಕ, ಕಡಿದ್ರೆ ಕಟ್, ಐದರಲ್ಲಿ ಒಂದು ಪಾಲು ಮೂಲನಿವಾಸಿಗಳಿಗೆ ಮತ್ತೆ ಸ್ಥಳೀಯರಿಗೆ. ಗುರಿ 12,500 ಕೋಟಿ ಡಾಲರ್ ಬಂಡವಾಳ, ಅದನ್ನ ಹೂಡಿ ಬಂದ ಲಾಭದಲ್ಲಿ ಕೊಡೋದು. ಮಾತು ಕೊಟ್ಟಿರೋದು ಅದರ ಹತ್ರಕ್ಕೂ ಇಲ್ಲ.

ತೂಕದ_ಚೀಟಿ

ಹೆಕ್ಟೇರಿಗೆ 4 ಡಾಲರ್ ಅಂದ್ರೆ ಎಕರೆಗೆ ವರ್ಷಕ್ಕೆ ನೂರೈವತ್ತು ರೂಪಾಯಿ ಹತ್ರ ಆಯ್ತು. ಸೋಗೆ, ನಿಮ್ಮ ಭಾನುವಾರದ ಟೀ ಬಿಲ್ಲು ಎಷ್ಟಾಯ್ತು?

ಕಬಿನಿ_ಹಿನ್ನೀರು

ತಮಾಷೆ ಸರಿ, ಆದ್ರೆ ಹತ್ತು ಸಾವಿರ ಹೆಕ್ಟೇರ್ ಕಾಯೋ ಒಂದು ಗ್ರಾಮಸಭೆಗೆ ಅದರ ಐದನೇ ಒಂದು ಭಾಗ ನೇರ ಅಕೌಂಟಿಗೆ ಬಂದ್ರೂ ವರ್ಷಕ್ಕೆ ಏಳು ಲಕ್ಷ. ಹಾಡೀಲಿ ಅದು ದೊಡ್ಡ ದುಡ್ಡು. ಬೆಂಕಿ ಕಾಯೋ ಹುಡುಗರಿಗೆ ಬೇಸಿಗೆ ಸಂಬಳ ಆಗುತ್ತೆ.

ಕಬ್ಬಿನ_ಸೋಗೆ

ಎಲ್ಲರ್ಗೂ ದೊಡ್ಡ ಥ್ಯಾಂಕ್ಸ್. ಟೀ ಬಿಲ್ಲು ಆರು ಜನಕ್ಕೆ ವಡೆ ಸೇರಿ ನೂರ ಎಂಬತ್ತು 😀 ಭತ್ತ ನಾಟಿ ಮಾಡ್ಬೇಡಿ ಅನ್ನೋ ಹೋಲಿಕೆ ಹೇಳ್ದೆ, ಕಳ್ತನದ ಜೋಕ್ ಹೊಡೆದೋನು ಸುಮ್ನಾದ. ಕೊಡಗಿನ ಮಾತು ಮಾತ್ರ ಯಾರೂ ಒಪ್ಲಿಲ್ಲ, ನೀರು ಕಾವೇರಮ್ಮಂದು ಅವ್ರದಲ್ಲ ಅಂತ ಶುರು ಮಾಡ್ಕೊಂಡ್ರು, ನಾನೂ ಬುಟ್ಬುಟ್ಟೆ.

ಆ ಹುಡ್ಗ ಕೊಟ್ಟಿದ್ದ ಫಾರಂ ಇವತ್ತು ತಂಗಿ ಕೈಲಿ ಓದ್ಸಿದೆ, ಇಂಗ್ಲಿಷಲ್ಲಿತ್ತು. ಮೂವತ್ತು ವರ್ಷ ಅಂತ ಅದೆ. ನಮ್ಮಪ್ಪ ಕೇಳ್ಬುಟ್ಟು ಮೂವತ್ತು ವರ್ಷಕ್ಕೆ ನಾನಿರಕಿಲ್ಲ, ಹುಣಸೆ ಇರ್ತದೆ ಅಂದು ಒಳಕ್ಕೋದ. ಸೈನ್ ಹಾಕಲ್ಲ ಅಂತ ತೀರ್ಮಾನ ಆಯ್ತು, ಆದ್ರೆ ಅವ್ನ ಹತ್ರ ನಮ್ಮ ಪಾಣಿ, ಆಧಾರ್ ಎರಡರ ಝೆರಾಕ್ಸೂ ಅದೆ. ವಾಪಸ್ ಕೇಳ್ಬೇಕಾ ಬುಟ್ಬುಡಾದಾ?

ಗಂಗೋತ್ರಿ_ಕ್ಯಾಂಟೀನ್

ಕೇಳಿ. ಇವತ್ತೇ ಫೋನ್ ಮಾಡಿ, ಟ್ಯಾಬಲ್ಲಿ ನಿಮ್ಮ ಹೆಸರು ಎಂಟ್ರಿ ಆಗಿದ್ರೆ ಅದನ್ನೂ ತೆಗೆಸಿ, ತೆಗೆದಿದೀನಿ ಅಂತ ಮೆಸೇಜ್ ಹಾಕಿಸ್ಕೊಳ್ಳಿ.